ಮದುವೆ ಆಗಿ ಹೊರದೇಶಕ್ಕೆ ಹೋಗೋದಾದ್ರೆ: ಯಾವ ದೇಶ, ಯಾವ ವೀಸಾ, ಮದುವೆ ಯಾವಾಗ

ನನ್ನ ತಂಗಿ ಮದುವೆ 2021ರ ಕಾರ್ತಿಕದಲ್ಲಿ ಆಗ್ಬೇಕಿತ್ತು. ಅಡಿಕೆ ಗೊನೆ ಕೊಯ್ಲು ಶುರು ಆಗತ್ತೆ, ಆಳು ಸಿಗಲ್ಲ, ಅಡಿಕೆ ಸುಲಿದು ಬೇಯ್ಸಿ ಒಣಗ್ಸೋದು ಮುಗೀಲಿ ಅಂತ ನಮ್ಮಪ್ಪ, ವೈಶಾಖದಲ್ಲಿ ಒಳ್ಳೆ ಮುಹೂರ್ತ ಇದೆ ಅಂತ ಪುರೋಹಿತರು, ಹಾಗಾಗಿ ಎರಡೂ ಮನೆಯವ್ರು ಒಪ್ಪಿ ಮುಂದೆ ಹಾಕಿದ್ವಿ. ಹುಡುಗ ಅಮೆರಿಕದಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಹತ್ತು ವರ್ಷದಿಂದ ಇದ್ದ, ಗ್ರೀನ್ ಕಾರ್ಡ್, ಅಂದ್ರೆ ಅಲ್ಲಿ ಖಾಯಂ ಆಗಿ ಇರೋ ಹಕ್ಕಿನ ಅರ್ಜಿ ಕ್ಯೂನಲ್ಲಿತ್ತು, ಯಾವಾಗ ಬರತ್ತೋ ಅಂತ ಅವ್ನೇ ಆಸೆ ಬಿಟ್ಟಿದ್ದ. ಸಂಕ್ರಾಂತಿ ಆಸುಪಾಸಿಗೆ ಅದು ಬಂದೇಬಿಡ್ತು. ನಾವು ಬೀದಿಗೆಲ್ಲ ಸಿಹಿ ಹಂಚಿದ್ವಿ. ಆ ಕಾರ್ಡ್ ಬಂದ ದಿನವೇ ತಂಗಿ ಸಂಸಾರ ಮೂರು ವರ್ಷ ಹಿಂದಕ್ಕೆ ಹೋಯ್ತು ಅಂತ ನಮಗ್ಯಾರಿಗೂ ಗೊತ್ತಾಗ್ಲಿಲ್ಲ.

ವಿಷಯ ಏನಂದ್ರೆ, ಕೆಲಸದ ಮೇಲೆ ಗ್ರೀನ್ ಕಾರ್ಡ್ ಸಿಗೋ ಹೊತ್ತಿಗೆ ಮದುವೆ ಆಗಿದ್ರೆ ಹೆಂಡತಿಗೂ ಅದೇ ಅರ್ಜಿ ಬೆನ್ನಿಗೆ ಕಾರ್ಡ್ ಸಿಗತ್ತೆ. ಕಾರ್ಡ್ ಕೈಗೆ ಬಂದ್ಮೇಲೆ ಮದುವೆ ಆದ್ರೆ ಅವಳು ಎಫ್-2ಎ ಅನ್ನೋ, ಗ್ರೀನ್ ಕಾರ್ಡ್ ಇರೋರ ಗಂಡ ಹೆಂಡ್ತಿ ಮಕ್ಕಳಿಗಿರೋ ಬೇರೆ ಕ್ಯೂನಲ್ಲಿ ಹೊಸದಾಗಿ ನಿಲ್ಬೇಕು, ಮತ್ತೆ ಅವನು ಎಚ್-1ಬಿಯಿಂದ ಆಚೆ ಬಂದಾಯ್ತಲ್ಲ, ಹಾಗಾಗಿ ಎಚ್-4, ಅಂದ್ರೆ ಎಚ್-1ಬಿ ಇರೋರ ಹೆಂಡತಿಗೆ ಕೊಡೋ ವೀಸಾ ಮೇಲೆ ಕರ್ಕೊಂಡು ಹೋಗೋ ದಾರಿನೂ ಮುಚ್ಚತ್ತೆ. ನಾವು ಕೇಳಿದ ಒಬ್ಬ ಏಜೆಂಟು ಗ್ರೀನ್ ಕಾರ್ಡ್ ಇದ್ರೆ ಆರು ತಿಂಗಳು ಸಾಕು ಅಂದ್ರು. 2023ರ ಏಪ್ರಿಲ್‌ನಲ್ಲಿ ಎಫ್-2ಎ ಕ್ಯೂನ ತಾರೀಖು, ಅಂದ್ರೆ ಯಾವತ್ತಿನ ತನಕ ಹಾಕಿದ ಅರ್ಜಿಗೆ ವೀಸಾ ಕೊಡ್ತಾರೆ ಅನ್ನೋದು, ಏಕಾಏಕಿ ಹಿಂದಕ್ಕೆ ಸರೀತು, ತಂಗಿ ಮೂರು ವರ್ಷದ ಮೇಲೆ ಕಾದ್ಲು. ಅಷ್ಟು ದಿನ ತೇರು, ಮುಂಜಿ, ಯಾವ ಮನೆಗೆ ಹೋದ್ರೂ "ಇನ್ನೂ ಹೋಗಿಲ್ವನೇ?" ಅಂತ ಕೇಳೋರೇ. ಆಮೇಲಾಮೇಲೆ ಅವಳು ಯಾರ ಮನೆಗೂ ಹೋಗೋದೇ ಬಿಟ್ಲು.

ಆವತ್ತಿಂದ ನಾನು ಈ ನಿಯಮಗಳನ್ನ ಕೂತು ಓದೋಕೆ ಶುರು ಮಾಡಿದೆ, ಈಗ ಹೊರದೇಶದ ಸಂಬಂಧ ಬಂದ್ರೆ ಸಾಗರ, ಕೊಪ್ಪದಿಂದೆಲ್ಲ ಕಾಗದ ಹಿಡ್ಕೊಂಡು ಬರ್ತಾರೆ, ಶಿವಮೊಗ್ಗ ವಿನೋಬನಗರದ ನಮ್ಮ ಬೀದೀಲೇ ಮೂರು ಮನೆ. ಎಲ್ಲರೂ ಕೇಳೋದು ಯಾವ ದೇಶ ಸುಲಭ ಅಂತ. ನಾನು ತಿರುಗಿ ಮೂರು ಕೇಳ್ತೀನಿ. ಮದುವೆ ಆದ್ಮೇಲೆ ಎಷ್ಟು ತಿಂಗಳು ಒಬ್ಬೊಬ್ರು ಒಂದೊಂದು ಕಡೆ ಇರ್ಬೇಕು? ಹೋದ ದಿನದಿಂದ ಅವಳು ಕೆಲಸ ಮಾಡ್ಬಹುದಾ? ಅಲ್ಲಿರೋ ಹಕ್ಕು ಅವಳ ಸ್ವಂತದ್ದು ಆಗೋದು ಯಾವಾಗ, ಅಂದ್ರೆ ಗಂಡನ ಕೆಲಸ ಹೋದ್ರೆ, ದೇವರು ಹಾಗೆ ಮಾಡದಿರ್ಲಿ, ಸಂಸಾರವೇ ಮುರಿದ್ರೆ ಅವಳ ಗತಿ ಏನು? ಮೂರನೇದನ್ನ ಮಾತುಕತೇಲಿ ಯಾರೂ ಎತ್ತಲ್ಲ, ಅಪಶಕುನ ಅಂತಾರೆ, ನನ್ನ ಪ್ರಕಾರ ಮೊದ್ಲು ಕೇಳ್ಬೇಕಾದ್ದೇ ಅದು. ಹೆಂಡತಿ ಅಂತ ಬರೀತಿದೀನಿ, ಗಂಡ ಹೋಗೋದಾದ್ರೂ ನಿಯಮ ಒಂದೇ, ನಮ್ಮ ಕಡೆ ಹುಡುಗೀರೇ ಮೊದ್ಲು ಹೋಗಿ ಗಂಡನ್ನ ಕರೆಸ್ಕೊಂಡಿದ್ದೂ ಇದೆ.

ಅಮೆರಿಕದಿಂದ ಶುರು ಮಾಡ್ತೀನಿ. ಇಲ್ಲಿ "ಹುಡುಗ ಅಮೆರಿಕದಲ್ಲಿದಾನೆ" ಅನ್ನೋ ಮಾತಿಗೆ ಅರ್ಥವೇ ಇಲ್ಲ, ಸಿಟಿಜನ್ನಾ, ಗ್ರೀನ್ ಕಾರ್ಡಾ, ಎಚ್-1ಬಿನಾ, ಮೂರೂ ಬೇರೆ ಬೇರೆ ಪ್ರಪಂಚ. ಸಿಟಿಜನ್ ಆಗಿದ್ರೆ ಹೆಂಡತಿಗೆ ವರ್ಷಕ್ಕಿಷ್ಟೇ ವೀಸಾ ಅನ್ನೋ ಮಿತಿ ಇಲ್ಲ. ಮೊದ್ಲು ಗಂಡ ಹಾಕೋ ಐ-130 ಅರ್ಜಿ, 2024ರ ಏಪ್ರಿಲಿಂದ ಆನ್‌ಲೈನ್ ಆದ್ರೆ 625 ಡಾಲರ್, ಕಾಗದದಲ್ಲಿ 675, ಅದು ಪಾಸಾದ್ಮೇಲೆ ನ್ಯಾಷನಲ್ ವೀಸಾ ಸೆಂಟರ್, ಆಮೇಲೆ ಇಂಟರ್ವ್ಯೂ, ನಮ್ಮವರಿಗೆ ಸಾಮಾನ್ಯವಾಗಿ ಮುಂಬೈಯಲ್ಲಿ. ಒಂದು ಒಂದೂವರೆ ವರ್ಷ ಹಿಡಿಯತ್ತೆ ಅಂತ ಮನಸ್ಸಲ್ಲಿ ಇಟ್ಕೊಳ್ಳಿ. ಆದ್ರೆ ವಿಮಾನ ಇಳಿದ ದಿನದಿಂದ ಅವಳು ಪರ್ಮನೆಂಟ್ ರೆಸಿಡೆಂಟ್, ಕೆಲಸ ಮಾಡ್ಬಹುದು. ಅಲ್ಲಿಗೆ ಇಳಿಯೋವಾಗ ಮದುವೆ ಆಗಿ ಎರಡು ವರ್ಷ ತುಂಬಿಲ್ಲ ಅಂದ್ರೆ ಕಾರ್ಡ್ ಎರಡೇ ವರ್ಷದ್ದು ಕೊಡ್ತಾರೆ, ಅದು ಮುಗಿಯೋಕೆ ಮುಂಚಿನ 90 ದಿನದೊಳಗೆ ಇಬ್ರೂ ಸೇರಿ ಕಾರ್ಡ್ ಖಾಯಂ ಮಾಡೋ ಐ-751 ಅರ್ಜಿ ಹಾಕ್ಬೇಕು, ಈ ತಾರೀಖನ್ನ ಮನೆ ಕ್ಯಾಲೆಂಡರಲ್ಲಿ ಕೆಂಪಲ್ಲಿ ಬರೆದಿಡಿ.

ಎಚ್-4 ಆದ್ರೆ ಬೇಗ ಹೋಗ್ಬಹುದು, ಬೇರೆ ಇರೋ ಕಷ್ಟ ಕಮ್ಮಿ. ಆದ್ರೆ ಸಾಮಾನ್ಯವಾಗಿ ಗಂಡನ ಐ-140, ಅಂದ್ರೆ ಅವನ ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ, ಪಾಸಾಗಿದ್ರೆ ಮಾತ್ರ ಅವಳಿಗೆ ಕೆಲಸದ ಪರ್ಮಿಟ್, ಆ ಅವಕಾಶ ಬಂದಿದ್ದೇ 2015ರಲ್ಲಿ. ಅಲ್ಲಿವರೆಗೆ ಮನೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗ್ಸಿ ಬೆಂಗಳೂರಲ್ಲಿ ಐದಾರು ವರ್ಷ ದುಡಿದ ಹುಡುಗೀರು ಅಲ್ಲಿ ಕಿಟಕಿ ಪಕ್ಕ ಕೂತು ಅಮ್ಮಂಗೆ ಫೋನ್ ಮಾಡಿ ಅಳೋದನ್ನ ನಾನು ಕೇಳಿದೀನಿ, ಇದನ್ನ ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗಿಗೆ ಹೇಳೋದು ಹುಡುಗನ ಮನೆಯವ್ರ ಧರ್ಮ. ಗಂಡನ ಕೆಲಸ ಹೋದ್ರೆ 60 ದಿನದ ಗಡುವು, ಅಷ್ಟರಲ್ಲಿ ಬೇರೆ ಕಂಪನಿ ಸಿಗ್ಬೇಕು ಇಲ್ಲ ವಾಪಸ್ ಬರ್ಬೇಕು, ಅವನ ಜೊತೆ ಇವಳೂ.

ಸಿಟಿಜನ್ನಿಗೆ ಮಾತ್ರ ಇನ್ನೊಂದು ದಾರಿ ಇದೆ, ಮದುವೆಗೆ ಮುಂಚೆನೇ ಕರೆಸ್ಕೊಳೋ ಕೆ-1. ಹಿಂದಿನ ಎರಡು ವರ್ಷದಲ್ಲಿ ಒಮ್ಮೆಯಾದ್ರೂ ಮುಖಾಮುಖಿ ಭೇಟಿ ಆಗಿರ್ಬೇಕು, ಅಲ್ಲಿಗೆ ಹೋಗಿ 90 ದಿನದಲ್ಲಿ ಮದುವೆ ಆಗ್ಬೇಕು, ಆಮೇಲೆ ಗ್ರೀನ್ ಕಾರ್ಡಿಗೆ ಬೇರೆ ಅರ್ಜಿ, ಬೇರೆ ಫೀಸು, ಕೆಲಸದ ಪರ್ಮಿಟ್ ಬರೋವರ್ಗೂ ಸುಮ್ನಿರ್ಬೇಕು. ನಮ್ಮಲ್ಲಿ ಮದುವೆ ಇಲ್ಲೇ ಆಗೋದು, ಅಪ್ಪ ಅಮ್ಮ ಧಾರೆ ಎರೀಬೇಕು, ಹಾಗಿರೋವಾಗ ಕೆ-1 ನಮಗೆ ಹೊಂದಲ್ಲ. ಬೇಗ ಆಗತ್ತೆ ಅಂತ ಕೆ-1 ಅರ್ಜಿ ಹಾಕಿ, ಇತ್ತ ಮನೆಯವ್ರ ಒತ್ತಾಯಕ್ಕೆ ಇಲ್ಲೇ ತಾಳಿ ಕಟ್ಟಿಬಿಟ್ರೆ ಆ ಅರ್ಜಿ ಅಲ್ಲಿಗೇ ಸತ್ತಂಗೆ.

ಬ್ರಿಟನ್. ಇಲ್ಲಿ ಎಲ್ಲಾ ನಿಂತಿರೋದು ಸಂಬಳದ ಮೇಲೆ. ಕರೆಸೋರು ಬ್ರಿಟಿಷ್ ಪೌರರೋ ಅಲ್ಲಿ ಖಾಯಂ ನೆಲೆ ಸಿಕ್ಕಿರೋರೋ ಆಗಿದ್ರೆ ವರ್ಷದ ಆದಾಯ 29,000 ಪೌಂಡ್ ತೋರಿಸ್ಬೇಕು. 2024ರ ಏಪ್ರಿಲ್ 11ರ ತನಕ ಇದು 18,600 ಇತ್ತು, ಹಳೇ ಲೆಕ್ಕ ಹೇಳೋರ ಮಾತು ಕೇಳ್ಬೇಡಿ. ಸಂಬಳ ಇಲ್ಲದೆ ಬರೀ ಉಳಿತಾಯ ತೋರಿಸೋದಾದ್ರೆ 88,500 ಪೌಂಡ್ ಆರು ತಿಂಗಳು ಖಾತೇಲಿ ಕೂತಿರ್ಬೇಕು. ಖರ್ಚು ಅಂದ್ರೆ, ಅರ್ಜಿ ಫೀಸು 2025ರ ಏಪ್ರಿಲಲ್ಲಿ 1,938 ಪೌಂಡ್ ಆಗಿತ್ತು, ಅದ್ರ ಮೇಲೆ ಆಸ್ಪತ್ರೆ ಸರ್ಚಾರ್ಜ್ ವರ್ಷಕ್ಕೆ 1,035ರ ಹಾಗೆ 3,105, ಎಲ್ಲ ಮೊದಲೇ ಕಟ್ಬೇಕು, ಐದು ಸಾವಿರ ಪೌಂಡ್ ದಾಟತ್ತೆ. ಇಷ್ಟು ಕೊಟ್ಟು ಸಿಗೋದು ಎರಡು ವರ್ಷ ಒಂಬತ್ತು ತಿಂಗಳು, ಆಮೇಲೆ ಮತ್ತೆ ದುಡ್ಡು ಕಟ್ಟಿ ಎರಡೂವರೆ ವರ್ಷ, ಐದು ವರ್ಷ ಆದ್ಮೇಲೆ ಖಾಯಂ ನೆಲೆಗೆ ಅರ್ಜಿ. ಇಂಗ್ಲಿಷ್ ಪರೀಕ್ಷೆ ಮೊದ್ಲು ಎ1 ಅನ್ನೋ ಸುಲಭದ ಮಟ್ಟ, ನಡುವೆ ಎ2, ಕೊನೆಗೆ ಅದಕ್ಕೂ ಮೇಲಿನ ಬಿ1, ಮತ್ತೆ ಟಿಬಿ ಟೆಸ್ಟ್. ಸಮಾಧಾನದ ವಿಷಯ ಅಂದ್ರೆ ಬೇರೆ ಇರೋದು ತಿಂಗಳುಗಳ ಲೆಕ್ಕ, ವರ್ಷಗಳದ್ದಲ್ಲ, ಮತ್ತೆ ಹೋದ ಕೂಡ್ಲೆ ಕೆಲಸ ಮಾಡ್ಬಹುದು.

ಬ್ರಿಟನ್ ವಿಷಯದಲ್ಲಿ ನಮ್ಮ ಹುಡುಗರು ಮೋಸ ಹೋಗೋದು ಬೇರೆ ಕಡೆ. ಹುಡುಗಿ ಅಲ್ಲಿ ಎಂ.ಎಸ್ಸಿ ಓದೋಕೆ ಹೊರಟಿದಾಳೆ, ಮದುವೆ ಮಾಡ್ಕೊಂಡು ಡಿಪೆಂಡೆಂಟ್ ಆಗಿ ಹೋಗು ಅಂತ ಹೇಳ್ತಾರಲ್ಲ, ಅದು 2024ರ ಜನವರಿಯಿಂದ ಇಲ್ಲ, ಪಿಎಚ್‌ಡಿ ಥರದ ಸಂಶೋಧನೆ ಕೋರ್ಸಿಗೆ ಮಾತ್ರ ಉಳಿದಿದೆ. ಕೇರ್ ವರ್ಕರ್ ಆಗಿ, ಅಂದ್ರೆ ವಯಸ್ಸಾದೋರನ್ನ ನೋಡ್ಕೊಳೋ ಕೆಲಸಕ್ಕೆ ಹೋಗ್ತಿದ್ದೋರೂ 2024ರ ಮಾರ್ಚ್ 11ರಿಂದ ಗಂಡನ್ನೋ ಹೆಂಡ್ತೀನೋ ಕರ್ಕೊಂಡು ಹೋಗಂಗಿರ್ಲಿಲ್ಲ, 2025ರ ಜುಲೈಯಿಂದ ಹೊರದೇಶದಿಂದ ಹೊಸದಾಗಿ ಹೋಗೋರಿಗೆ ಆ ವೀಸಾನೇ ನಿಲ್ಲಿಸಿದಾರೆ. ಇದು ಗೊತ್ತಿದ್ದೂ ಲಕ್ಷಗಟ್ಟಲೆ ಇಸ್ಕೊಳೋರು ಇದಾರೆ ಅನ್ನೋದು ನನಗೆ ತುಂಬಾ ಸಂಕಟ, ಯಾಕಂದ್ರೆ ಆ ದುಡ್ಡು ಬರೋದು ಅಡಿಕೆ ಮೇಲೆ ಸೊಸೈಟೀಲಿ ತೆಗೆದ ಸಾಲದಿಂದ.

ಕೆನಡಾ ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣೋದು. ಕರೆಸೋರು ಸಿಟಿಜನ್ ಇರ್ಲಿ ಪಿಆರ್ (ಖಾಯಂ ನೆಲೆಯ ಹಕ್ಕು) ಇರೋರಾಗ್ಲಿ, ಹೆಂಡತಿ ವಿಷಯದಲ್ಲಿ ಇಷ್ಟೇ ಸಂಬಳ ಇರ್ಬೇಕು ಅನ್ನೋ ಗೆರೆ ಸಾಮಾನ್ಯವಾಗಿ ಇಲ್ಲ, ಮೂರು ವರ್ಷ ಅವಳ ಖರ್ಚು ನನ್ನದು ಅಂತ ಬರ್ಕೊಡ್ಬೇಕು ಅಷ್ಟೇ. ಕ್ವಿಬೆಕ್ ಪ್ರಾಂತ್ಯಕ್ಕೆ ಬೇರೆ ನಿಯಮ. ಪಿಆರ್ ಇರೋರು ಕರೆಸೋ ಹೊತ್ತಿಗೆ ಕೆನಡಾದಲ್ಲೇ ವಾಸ ಇರ್ಬೇಕು. ವರ್ಷದ ಆಸುಪಾಸು ಕಾಯ್ಬೇಕಾಗ್ಬಹುದು, ಆದ್ರೆ ಸಿಗೋದು ಸೀದಾ ಅವಳದೇ ಪಿಆರ್, ಎರಡು ವರ್ಷ ಒಟ್ಟಿಗೇ ಇರ್ಬೇಕು ಅನ್ನೋ ಷರತ್ತನ್ನ 2017ರಲ್ಲೇ ತೆಗೆದ್ರು. ಇಲ್ಲಿರೋ ಗುಂಡಿ ಒಂದೇ, ಆದ್ರೆ ಆಳ ಜಾಸ್ತಿ. ಹುಡುಗ ತಾನು ಒಂಟಿ ಅಂತ ಪಿಆರ್ ಅರ್ಜಿ ಹಾಕಿರ್ತಾನೆ, ಅದು ಮುಗಿಯೋದ್ರೊಳಗೆ ಊರಿಗೆ ಬಂದು ಮದುವೆ ಆಗ್ತಾನೆ, ಅರ್ಜಿ ತಡ ಆಗತ್ತೆ ಅಂತ ಯಾರೋ ಹೇಳಿದ್ರು ಅಂತ ಮದುವೆ ವಿಷಯ ತಿಳಿಸ್ದೇ ಹೋಗಿ ಪಿಆರ್ ಆಗ್ತಾನೆ. ಹಾಗೆ ಹೆಸರು ಕೊಡದೇ ಬಿಟ್ಟ ಹೆಂಡ್ತೀನ ಆಮೇಲೆ ಕುಟುಂಬದ ದಾರೀಲಿ ಕರೆಸೋಕೆ ಕಾನೂನೇ ಅಡ್ಡ ಬರತ್ತೆ. ಮದುವೆ ಆದ ವಾರವೇ ತಿಳಿಸಿ, ಎರಡು ತಿಂಗಳು ತಡ ಆದ್ರೆ ಆಗ್ಲಿ.

ಅಲ್ಲಿ ಓದ್ತಿರೋರ ಗಂಡ ಹೆಂಡ್ತೀಗೆ ಕೊಡ್ತಿದ್ದ, ಯಾವ ಕಂಪನೀಲಾದ್ರೂ ದುಡಿಯೋಕೆ ಬಿಡೋ ಓಪನ್ ವರ್ಕ್ ಪರ್ಮಿಟ್ಟೂ 2025ರ ಜನವರಿ 21ರಿಂದ ಬಿಗಿ ಆಗಿದೆ. 16 ತಿಂಗಳು ಅಥವಾ ಅದಕ್ಕಿಂತ ಉದ್ದದ ಮಾಸ್ಟರ್ಸ್, ಡಾಕ್ಟರೇಟ್, ಕೆಲವು ವೃತ್ತಿಪರ ಕೋರ್ಸ್, ಅಷ್ಟಕ್ಕೇ. ಕಾಲೇಜು ಡಿಪ್ಲೊಮಾಗೆ ಹೋದೋರ ಜೊತೆ ಹೋಗ್ತೀನಿ ಅಂತ ಲೆಕ್ಕ ಹಾಕ್ಬೇಡಿ.

ಜರ್ಮನಿ ಬಗ್ಗೆ ನಮ್ಮ ಕಡೆ ಮಾತಾಡೋದು ಕಮ್ಮಿ, ಭಾಷೆ ಕಷ್ಟ ಅಂತ ದೂರ ಇಡ್ತಾರೆ, ಆದ್ರೆ ಕಾಸಿನ ಲೆಕ್ಕದಲ್ಲಿ ಇದೇ ಅಗ್ಗ, ವೀಸಾ ಫೀಸು 75 ಯೂರೋ. ಹುಡುಗಂಗೆ ಬ್ಲೂ ಕಾರ್ಡ್, ಅಂದ್ರೆ ಡಿಗ್ರಿ ಓದಿದ ಹೊರದೇಶದ ಕೆಲಸಗಾರರಿಗೆ ಕೊಡೋ ಪರ್ಮಿಟ್ ಇದ್ರೆ ಹೆಂಡತಿ ಹೋಗೋಕೆ ಮುಂಚೆ ಜರ್ಮನ್ ಪರೀಕ್ಷೆ ಬೇಕಿಲ್ಲ. ಅವನು ಜರ್ಮನ್ ಪೌರನೇ ಆಗ್ಬಿಟ್ಟಿದ್ರೆ ಬೇಕು, ಎ1. ಕೇಳೋಕೆ ತಿರುಗುಮುರುಗು ಅನ್ಸತ್ತೆ, ಆದ್ರೆ ಹಾಗೇ ಇರೋದು. ಎ1 ಅಂದ್ರೆ ನಿಮ್ಮ ಹೆಸರೇನು, ಊರು ಯಾವ್ದು, ಅಂಗಡೀಲಿ ಇದಕ್ಕೆಷ್ಟು ಅನ್ನೋ ಮಟ್ಟ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೀಬಹುದು. ಹೊಸನಗರದ ನಮ್ಮ ನೆಂಟರ ಹುಡುಗಿ ಒಂದು ಮಳೆಗಾಲ ಪೂರ್ತಿ ಮನೇಲೇ ಕೂತು ಆನ್‌ಲೈನ್ ಕ್ಲಾಸಲ್ಲಿ ಕಲಿತ್ಲು, ಜನಶತಾಬ್ದೀಲಿ ಹೋಗಿ ಪರೀಕ್ಷೆ ಬರೆದು ಬಂದ್ಲು. ಅಲ್ಲಿಗೆ ಹೋದ ದಿನದಿಂದ ಕೆಲಸಕ್ಕೆ ಅಡ್ಡಿ ಇಲ್ಲ. ನನ್ನ ಮೂರನೇ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟ ಇದೆ, ಅಲ್ಲಿ ಮೂರು ವರ್ಷ ಜೊತೆಗೆ ಸಂಸಾರ ಮಾಡಿದ್ರೆ ಆಮೇಲೆ ಬೇರೆ ಆದ್ರೂ ಅವಳಿಗೆ ಸ್ವಂತ ಹಕ್ಕಿನ ಮೇಲೆ ಉಳಿಯೋ ಅವಕಾಶ, ಹೊಡೆತ ಬಡಿತದಂಥ ಕಷ್ಟ ಇದ್ರೆ ಮೂರು ವರ್ಷಕ್ಕೆ ಮುಂಚೆನೂ.

ಆಸ್ಟ್ರೇಲಿಯಾ ದುಬಾರಿ, ಅರ್ಜಿಗೇ 9 ಸಾವಿರ ಆಸ್ಟ್ರೇಲಿಯನ್ ಡಾಲರ್ ಮೇಲೆ. ಇಲ್ಲಿಂದ ಹಾಕೋದು 309 ನಂಬರಿನ ವೀಸಾ, ಅಲ್ಲೇ ಇದ್ದು ಹಾಕೋದು 820, ಎರಡೂ ಮೊದ್ಲು ತಾತ್ಕಾಲಿಕ, ಅರ್ಜಿ ಹಾಕಿದ ಎರಡು ವರ್ಷದ ಮೇಲೆ ಅದೇ ಅರ್ಜಿಯನ್ನ ಖಾಯಂಗೆ ನೋಡ್ತಾರೆ. ತಾತ್ಕಾಲಿಕ ಇರೋವಾಗ್ಲೂ ಕೆಲಸ ಮಾಡ್ಬಹುದು.

ಗಲ್ಫ್ ಬೇಗ. ಯುಎಇಲಿ ಗಂಡನ ಸಂಬಳ ತಿಂಗಳಿಗೆ 4,000 ದಿರ್ಹಾಂ, ಇಲ್ಲ 3,000 ಜೊತೆಗೆ ಮನೆ ಇದ್ರೆ ಕರೆಸ್ಕೋಬಹುದು, ಕೆಲವೇ ವಾರದ ಕೆಲಸ. ಆದ್ರೆ ಅದು ಅವನ ವೀಸಾದ ನೆರಳು, ಅವನದು ಹೋದ ದಿನ ಇವಳದೂ ಹೋಗತ್ತೆ, ಎಷ್ಟು ವರ್ಷ ಇದ್ರೂ ಮದುವೆಯಿಂದ ಸ್ವಂತ ನೆಲೆ ಸಿಗಲ್ಲ. ಜೊತೆಗಿರೋದೇ ಮುಖ್ಯ, ಆಮೇಲೆ ಊರಿಗೇ ಬರೋದು ಅನ್ನೋರಿಗೆ ಸರಿ.

ನನ್ನ ಅಭಿಪ್ರಾಯ ಕೇಳಿದ್ರೆ ಹೀಗೆ. ಹುಡುಗಿಗೆ ತನ್ನದೇ ಕೆಲಸ ಇದೆ, ಅದನ್ನ ಬಿಡೋಕೆ ಇಷ್ಟ ಇಲ್ಲ ಅಂದ್ರೆ ಎಚ್-4ಗಿಂತ ಜರ್ಮನಿ ಬ್ಲೂ ಕಾರ್ಡ್ ಸಂಬಂಧ ಮೇಲು, ಅಮೆರಿಕದ ಸಂಬಳ ಎಷ್ಟೇ ದೊಡ್ಡದಿರ್ಲಿ. ಕರೆಸೋರ ಸಂಬಳ ಕಮ್ಮಿ ಇದ್ರೆ ಬ್ರಿಟನ್ ಆಗಲ್ಲ, ಕೆನಡಾ ಆಗತ್ತೆ. ಬೇರೆ ಇರೋಕೆ ಆಗಲ್ಲ ಅನ್ನೋರು ಅಮೆರಿಕದ ಗ್ರೀನ್ ಕಾರ್ಡ್ ಹುಡುಗನಿಗೆ ಹ್ಞೂಂ ಅನ್ನೋಕೆ ಮುಂಚೆ ಎರಡು ದಿನ ಯೋಚ್ನೆ ಮಾಡಿ, ಅವನು ಸಿಟಿಜನ್ ಆಗೋಕೆ ಎಷ್ಟು ದಿನ ಇದೆ ಅಂತ ಕೇಳಿ, ಆದ ಕೂಡ್ಲೆ ಅದೇ ಅರ್ಜಿ ಕ್ಯೂ ಇಲ್ಲದ ಸಾಲಿಗೆ ಬರತ್ತೆ. ಫೀಸು, ನಿಯಮ ಬದಲಾಗ್ತಾನೇ ಇರತ್ತೆ, ದುಡ್ಡು ಕಟ್ಟೋ ದಿನ ಆಯಾ ದೇಶದ ಸರ್ಕಾರಿ ಸೈಟಲ್ಲೇ ನೋಡಿ.

ಇನ್ನು ಮದುವೆ ತಾರೀಖು. ದೊಡ್ಡ ಮದುವೆ ವೈಶಾಖದಲ್ಲೇ ಆಗ್ಲಿ, ಆದ್ರೆ ಕಾನೂನಿನ ಮದುವೆ ಮುಂಚೆ ಬೇಕು ಅನ್ನೋ ಪರಿಸ್ಥಿತಿ ಇದ್ರೆ ಎರಡು ದಾರಿ. ಒಂದು, ದೇವಸ್ಥಾನದಲ್ಲಿ ಸಪ್ತಪದಿ ಸಮೇತ ಸರಳವಾಗಿ ಮದುವೆ ಮುಗ್ಸಿ ಹಿಂದೂ ವಿವಾಹ ಕಾಯ್ದೆ ಕೆಳಗೆ ನೋಂದಣಿ. ಇನ್ನೊಂದು 1954ರ ವಿಶೇಷ ವಿವಾಹ ಕಾಯ್ದೆ, ಅದಕ್ಕೆ 30 ದಿನದ ನೋಟಿಸ್ ಇದೆ, ಹುಡುಗ ಮೂರು ವಾರದ ರಜೇಲಿ ಬಂದ್ರೆ ಹೊಂದಲ್ಲ, ಮುಂಚೆನೇ ಯೋಚ್ನೆ ಮಾಡಿ. ನೆನಪಿಡಿ, ಹಿಂದೂ ಕಾಯ್ದೇಲಿ ಶಾಸ್ತ್ರ ಆಗ್ದೇ ಬರೀ ನೋಂದಣಿ ಮಾಡಿದ್ರೆ ಅದು ಮದುವೆ ಅಲ್ಲ. ನಮ್ಮ ತಂಗಿಗೆ ಕಾರ್ತಿಕದಲ್ಲಿ ಹತ್ತು ಜನ ಸೇರಿ ಇಷ್ಟು ಮಾಡಿದ್ರೆ ಸಾಕಿತ್ತು. ನಮ್ಮಪ್ಪಂಗೆ ಇವತ್ತಿಗೂ ಅದೇ ಕೊರಗು, ಆ ವರ್ಷದ ಅಡಿಕೆ ಮಾತು ಬಂದ್ರೆ ಎದ್ದು ಹೋಗ್ತಾರೆ.

ನೋಂದಣಿ ಈಗ ರಾಜ್ಯ ನೋಂದಣಿ ಇಲಾಖೆಯ ಕಾವೇರಿ 2.0 ಸೈಟಲ್ಲಿ ಆನ್‌ಲೈನೂ ಆಗತ್ತೆ. ಕಲ್ಯಾಣಮಂಟಪದ ರಸೀದಿ, ದೇವಸ್ಥಾನದ ಪತ್ರ ಇವು ಸರ್ಟಿಫಿಕೇಟ್ ಅಲ್ಲ. ಅಮೆರಿಕ, ಬ್ರಿಟನ್, ಕೆನಡಾ ಸ್ಪೌಸ್ ವೀಸಾಗೆ ಅಪೋಸ್ಟಿಲ್ (ದಾಖಲೆ ಅಸಲಿ ಅಂತ ವಿದೇಶಾಂಗ ಇಲಾಖೆ ಹಾಕೋ ಮುದ್ರೆ) ಬೇಕಿಲ್ಲ, ಅದಕ್ಕಂತ ಸಾವಿರಾರು ರೂಪಾಯಿ ಕೇಳಿದ್ರೆ ಕೊಡ್ಬೇಡಿ. ಯುಎಇಗೆ ಅಟೆಸ್ಟೇಷನ್, ಅಂದ್ರೆ ದಾಖಲೆಗೆ ಅಧಿಕೃತ ದೃಢೀಕರಣ, ಬೇಕೇ ಬೇಕು.

ಕಾಗದದಲ್ಲಿ ನಮ್ಮವರಿಗೆ ಸಿಕ್ಕಾಪಟ್ಟೆ ತೊಂದರೆ ಕೊಡೋದು ಹೆಸರು. ನಮ್ಮಲ್ಲಿ ಇನಿಷಿಯಲ್ ಇರತ್ತೆ, ಸರ್‌ನೇಮ್ ಇರಲ್ಲ, ಪಾಸ್‌ಪೋರ್ಟಲ್ಲಿ ಆ ಜಾಗ ಖಾಲಿ ಇದ್ರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಅಂತ ಬಂದ್ಬಿಡತ್ತೆ, ಆಮೇಲೆ ಬ್ಯಾಂಕು ಲೈಸೆನ್ಸು ಎಲ್ಲ ಕಡೆ ಅದೇ ಹೆಸರು. ಅರ್ಜಿಗೆ ಮುಂಚೆನೇ ಸರಿ ಮಾಡ್ಸಿ. ಇನ್ನೊಂದು ಊರಿನ ಹೆಸರು. 2014ರ ನವೆಂಬರ್ 1ಕ್ಕೆ ಶಿಮೊಗ ಹೋಗಿ ಶಿವಮೊಗ್ಗ ಅಂತ ಆಯ್ತಲ್ಲ, ಒಂದು ದಾಖಲೇಲಿ ಹಳೇದು ಇನ್ನೊಂದ್ರಲ್ಲಿ ಹೊಸದು ಇದ್ರೆ ಎರಡೂ ಒಂದೇ ಊರು ಅಂತ ಅರ್ಜಿ ಜೊತೆ ಒಂದು ಸಾಲಿನ ವಿವರಣೆ ಇಡಿ. ಮನೇಲೇ ಹೆರಿಗೆ ಆಗಿ ಜನನ ನೋಂದಣಿ ಇಲ್ಲದೋರು ದಾಖಲೆ ಲಭ್ಯವಿಲ್ಲ ಅನ್ನೋ ಪತ್ರ ತಗೊಂಡು ಹಿರಿಯರ ಅಫಿಡವಿಟ್ ಮಾಡ್ಸಿ, ಅಜ್ಜಿ ಗಟ್ಟಿಮುಟ್ಟಾಗಿರೋವಾಗ್ಲೇ.

ಸಂಬಂಧ ನಿಜ ಅಂತ ತೋರಿಸೋಕೆ ಬರೀ ಸ್ಟುಡಿಯೋ ಫೋಟೋ ಸಾಲಲ್ಲ. ಹುಡುಗಿ ನೋಡೋಕೆ ಬಂದಿದ್ದು, ನಿಶ್ಚಿತಾರ್ಥ, ಧಾರೆ, ಊಟದ ಪಂಕ್ತಿ, ಎರಡೂ ಕಡೆ ನೆಂಟರು ಇರೋ ಫೋಟೋ, ಲಗ್ನಪತ್ರಿಕೆ, ಅವನ ಟಿಕೆಟ್‌ಗಳು, ಕಾಲ್ ಲಾಗ್, ಎಲ್ಲ ಇಡಿ. ಆಗುಂಬೆ ಕಡೆಯವರಿಗೆ ಒಂದು ಮಾತು, ಆಷಾಢ ಶ್ರಾವಣದಲ್ಲಿ ಕರೆಂಟಿಲ್ಲ ನೆಟ್‌ವರ್ಕಿಲ್ಲ, ಆ ಎರಡು ತಿಂಗಳು ಕಾಲ್ ಲಾಗ್ ಖಾಲಿ ಇರತ್ತೆ, ಅದನ್ನ ನೋಡಿದ ಆಫೀಸರಿಗೆ ನಮ್ಮ ಮಳೆ ಗೊತ್ತಿಲ್ಲ, ಹಾಗಾಗಿ ಯಾಕೆ ಅಂತ ಬರೆದಿಡಿ. ನೋಡಿ ಒಪ್ಪಿ ಮಾಡಿದ ಮದುವೆ ಅಂತ ಮುಚ್ಚಿಡ್ಬೇಡಿ, ಪ್ರೇಮಕಥೆ ಕಟ್ಟೋಕೂ ಹೋಗ್ಬೇಡಿ.

ಹೋಗೋ ಹುಡುಗಿಗೆ ಇದನ್ನೂ ಹೇಳಿ ಕಳ್ಸಿ, ಗಂಡ ಹೊಡೆದ್ರೆ ವೀಸಾ ಹೋಗತ್ತೆ ಅಂತ ಸಹಿಸ್ಕೊಂಡು ಇರ್ಬೇಕಾಗಿಲ್ಲ. ಅಮೆರಿಕದಲ್ಲಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಗಂಡನಾದ್ರೆ ಅವನಿಗೆ ತಿಳೀದ ಹಾಗೆ ಅವಳೇ ಅರ್ಜಿ ಹಾಕ್ಕೋಬಹುದು, ಬ್ರಿಟನ್, ಆಸ್ಟ್ರೇಲಿಯಾದಲ್ಲೂ ಇಂಥೋರಿಗೆ ಅಂತಲೇ ನಿಯಮ ಇದೆ. ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರ್ಬೇಕು, ಎಲ್ಲಾ ಕಾಗದದ ಒಂದು ಸೆಟ್ ಅಮ್ಮನ ಮನೇಲಿ. ಹೊರದೇಶದಲ್ಲಿ ಕಷ್ಟಕ್ಕೆ ಸಿಕ್ಕೋರು ದೂರು ಕೊಡೋ ನಮ್ಮ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ ಹೆಸರೂ ಅವಳಿಗೆ ಗೊತ್ತಿರ್ಲಿ.

ಕೊನೇದು ತೋಟ. ಅಲ್ಲಿ ನೆಲೆ ನಿಂತ ಎನ್‌ಆರ್‌ಐ ಆಗ್ಲಿ, ಆ ದೇಶದ ಪೌರತ್ವ ತಗೊಂಡು ಒಸಿಐ (ಭಾರತ ಮೂಲದ ಹೊರದೇಶದ ಪೌರರಿಗೆ ಕೊಡೋ ಕಾರ್ಡ್) ತಗೊಂಡೋರಾಗ್ಲಿ ಇಲ್ಲಿ ಕೃಷಿ ಜಮೀನು, ಪ್ಲಾಂಟೇಷನ್ ಕೊಳ್ಳಂಗಿಲ್ಲ, ದಾನವಾಗಿ ತಗೊಳ್ಳಂಗೂ ಇಲ್ಲ. ವಾರಸುದಾರಿಕೇಲಿ ಬಂದ್ರೆ ಅಡ್ಡಿ ಇಲ್ಲ. ಮಗಳಿಗೆ ತೋಟದಲ್ಲಿ ಪಾಲು ಬರ್ಕೊಡೋ ಮನಸ್ಸಿದ್ರೆ ಅವಳು ಇಲ್ಲೇ ಇರೋವಾಗ ಮಾಡ್ಬೇಕು. ತಂಗಿ ಪಾಸ್‌ಪೋರ್ಟ್ ವೀಸಾ ಸ್ಟಾಂಪ್ ಆಗಿ ಮುಂಬೈಯಿಂದ ಬಂದ ವಾರ ನಮ್ಮಪ್ಪ ಅವಳನ್ನ ತೀರ್ಥಹಳ್ಳಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರ್ಕೊಂಡು ಹೋಗಿ ಹೊಳೆ ಬದಿಯ ಅರ್ಧ ಎಕರೆ ಅವಳ ಹೆಸರಿಗೆ ಮಾಡಿದ್ರು. ಟಿಕೆಟ್ ಬುಕ್ ಮಾಡಿದ್ದು ಅದಾದ್ಮೇಲೆ.